ಆರ್ಡಿತ್ ಟೀಟರಳ ಹತ್ತು ಬೆರಳು

"ಡೆನ್ಜಿಲ್ ಟೀಟರನ ಕೈ ತಾಗಿದ ಬಂದೂಕು ಗುರಿ ತಪ್ಪದು."

ಹಾರ್ನರ್ಸ್ ಫೋರ್ಕಿನ ಹೆದ್ದಾರಿ ತಿರುವಿನಲ್ಲಿದ್ದ ಬಂದೂಕು ರಿಪೇರಿ ಅಂಗಡಿಯ ನೆತ್ತಿಯ ಮೇಲೆ, ಮೊಳದುದ್ದದ ಹಳದಿ ಅಕ್ಷರಗಳಲ್ಲಿ ಹೀಗೆಂದು ಬರೆದಿತ್ತು. ವೆಸ್ಟ್ ವರ್ಜೀನಿಯಾದ ಆ ಕಣಿವೆಯ ಜನ ಪಾದ್ರಿಯ ಮಾತನ್ನಾದರೂ ಅನುಮಾನಿಸಿಯಾರು, ಈ ಹಲಗೆಯ ಮಾತನ್ನಲ್ಲ. ಕರಡಿ ಕೂತು ಬಗ್ಗಿಸಿದ ನಳಿಗೆಯನ್ನು ಡೆನ್ಜಿಲ್ ಬರೀ ದಿಟ್ಟಿಸಿ ನೋಡಿ ನೆಟ್ಟಗೆ ಮಾಡಿದನಂತೆ. ಅವನು ರಿಪೇರಿ ಮಾಡಿದ ಬಂದೂಕನ್ನು ಆಕಾಶಕ್ಕೆ ಹಾರಿಸಿದರೂ ಪಕ್ಕದ ಕೌಂಟಿಯಲ್ಲಿ ಮೇಯುತ್ತಿದ್ದ ಜಿಂಕೆ, ಸುಮ್ಮನೆ ಯಾಕೆ ಓಡಬೇಕೆಂದು, ತಾನೇ ಮಲಗಿಬಿಡುತ್ತಿತ್ತಂತೆ. ಒಬ್ಬ ಗಿರಾಕಿಯಂತೂ ಡೆನ್ಜಿಲ್ ಮುಟ್ಟಿದ ಬಂದೂಕನ್ನು ಗೋಡೆಗೆ ಒರಗಿಸಿಟ್ಟು ಊಟಕ್ಕೆ ಕೂತಿದ್ದಾಗ ಅದು ಒಂಟಿಯಾಗಿ ಬೇಟೆಗೆ ಹೋಗಿ ಬಂದದ್ದನ್ನು ಕಣ್ಣಾರೆ ಕಂಡಿದ್ದ.

ಆದರೆ ಮೂವತ್ತೊಂದು ವರ್ಷದ ಕಸುಬಿನಲ್ಲಿ ಡೆನ್ಜಿಲ್ ಪ್ರತಿ ಬಂದೂಕನ್ನೂ ಮುಟ್ಟಿದ್ದು ಎರಡೇ ಸಲ. ಗಿರಾಕಿಯ ಕೈಯಿಂದ ತೆಗೆದುಕೊಳ್ಳುವಾಗ ಒಂದು ಸಲ, ವಾಪಸು ಕೊಡುವಾಗ ಒಂದು ಸಲ. ಈ ಎರಡರ ನಡುವೆ ಬಂದೂಕು ಕೌಂಟರಿನ ಹಿಂದಿನ ಪರದೆಯನ್ನು ದಾಟಿ ಹೋಗುತ್ತಿತ್ತು. ಪರದೆಯ ಆಚೆ ಅವನ ಹೆಂಡತಿ ಆರ್ಡಿತ್ ಕೂತಿರುತ್ತಿದ್ದಳು. ಅರ ಹಿಡಿದು ಉಜ್ಜುವವಳು ಅವಳು, ಮರದ ಹಿಡಿಗೆ ಉಪ್ಪುಕಾಗದ ಹಚ್ಚುವವಳು ಅವಳು, ಬಿಸಿ ಉಪ್ಪುನೀರಿನ ತೊಟ್ಟಿಯಲ್ಲಿ ನಳಿಗೆಯನ್ನು ಅದ್ದಿ ನೀಲಿ ಬಣ್ಣ ಬರಿಸುವವಳು ಅವಳು. ಡೆನ್ಜಿಲ್ ಒಲೆಯ ಪಕ್ಕ ಕಾಫಿ ಹೀರುತ್ತ ಕಥೆ ಹೇಳುತ್ತಿದ್ದ. ಕಥೆ ಹೇಳುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ. ಸುಳ್ಳುಗಾರನೇನಲ್ಲ ಪಾಪ. ಯಾರಾದರೂ "ಏನ್ ಕೈಯಪ್ಪಾ ನಿಂದು!" ಎಂದಾಗ ಬಾಯಿ ಮುಚ್ಚಿಕೊಂಡು ನಗುತ್ತಿದ್ದ, ಅಷ್ಟೆ. ಅವನು ಬಾಯಿ ಮುಚ್ಚುತ್ತಿದ್ದದ್ದು ಆಗ ಮಾತ್ರ.

ಮಾರ್ಚಿನಲ್ಲಿ ಡೆನ್ಜಿಲ್ ತೀರಿಕೊಂಡ. ಸರ್ಕಾರ ಕೊಟ್ಟ ಡೀಲರ್ ಲೈಸೆನ್ಸ್ ಅವನೊಬ್ಬನ ಹೆಸರಿನಲ್ಲಿತ್ತು. ಕಾನೂನು ವಿಧವೆಯ ಮೇಲೆ ಒಂದಿಷ್ಟು ಕರುಣೆ ತೋರಿ, ಆ ಲೈಸೆನ್ಸಿನ ಅವಧಿ ಮುಗಿಯುವವರೆಗೆ ಅಂಗಡಿ ನಡೆಸಿಕೋ ಎನ್ನುತ್ತದೆ. ಅವಧಿ ಮುಗಿಯುವುದು ಡಿಸೆಂಬರ್ ಒಂದಕ್ಕೆ, ಸರಿಯಾಗಿ ಜಿಂಕೆ ಬೇಟೆಯ ನಟ್ಟನಡುವೆ. ಅದಾದ ಮೇಲೆ ಪರರ ಬಂದೂಕು ಒಂದು ರಾತ್ರಿ ಅಂಗಡಿಯಲ್ಲಿ ಉಳಿದರೂ ಅಪರಾಧ. ಅರವತ್ತನಾಲ್ಕು ವರ್ಷದ ಆರ್ಡಿತ್‌ಗೆ ಬೇರೆ ಕಸುಬು ಗೊತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ.

"ಈ ಸಲ ನಿಮ್ಮ ಹೆಸರಲ್ಲಿ ಬೇಡ, ಕಂಪನಿ ಹೆಸರಲ್ಲಿ ಅರ್ಜಿ ಹಾಕಿ," ಎಂದ ವಕೀಲ. "ಸೀಮಿತ ಹೊಣೆಗಾರಿಕೆಯ ಕಂಪನಿ. ಮನುಷ್ಯ ಹೋದ್ರೆ ಅವನ ಜೊತೆ ಲೈಸೆನ್ಸೂ ಹೋಗುತ್ತೆ. ಕಂಪನಿ ಸಾಯೋದಿಲ್ಲ."

"ಸಾಯೋದಿಲ್ಲ, ಗೊರಕೆ ಹೊಡೆಯೋದಿಲ್ಲ, ನಾನು ಮಾಡಿದ ಕೆಲಸಕ್ಕೆ ತಾನು ಹೊಗಳಿಸಿಕೊಳ್ಳೋದಿಲ್ಲ," ಎಂದಳು ಆರ್ಡಿತ್. "ಮೊದಲೇ ಗೊತ್ತಿದ್ರೆ ಕಂಪನಿಯನ್ನೇ ಮದುವೆ ಆಗ್ತಿದ್ದೆ."

ಇಲ್ಲಿ ಅಡ್ಡಗಾಲು ಹಾಕಿದವನು ಡೆನ್ಜಿಲ್‌ನ ಅಣ್ಣ ಹೋಬರ್ಟ್. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಅಂಗಡಿಯ ಕಟ್ಟಡ ಅಪ್ಪನ ಕಾಲದ್ದು, ಅರ್ಧ ಇವನದು. ಕಟ್ಟಡದ ಒಡೆಯನ ಒಪ್ಪಿಗೆ ಇಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ ಎನ್ನುವುದು ತಿಳಿದ ದಿನವೇ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ.

"ನೋಡು ಹುಡುಗಿ, ಕಂಪನಿಗೆ ಒಬ್ಬ ಗಂಡಸು ಮ್ಯಾನೇಜರ್ ಬೇಕು. ಹೆಂಗಸಿನ ಕೈಗೆ ಯಾವನು ಬಂದೂಕು ಕೊಡ್ತಾನೆ? ನನ್ ಹೆಸರು ಮೇಲೆ ಹಾಕು, ಕಟ್ಟಡಕ್ಕೆ ಸಹಿ ಹಾಕ್ತೀನಿ. ನೀನು ಎಂದಿನ ಹಾಗೆ ಒಳಗಡೆ ಕೂತ್ಕೊ."

"ಬಂದೂಕಿನ ಬಗ್ಗೆ ನಿನಗೇನು ಗೊತ್ತು ಹೋಬರ್ಟ್?"

"ಡೆನ್ಜಿಲ್ ನನ್ನ ತಮ್ಮ. ಅದು ರಕ್ತದಲ್ಲೇ ಇರುತ್ತೆ."

ಅವನ ಮಾತು ಒಂದು ಲೆಕ್ಕಕ್ಕೆ ನಿಜವೇ. ಡೆನ್ಜಿಲ್‌ನ ರಕ್ತದಲ್ಲಿ ಎಷ್ಟಿತ್ತೋ ಹೋಬರ್ಟನಲ್ಲೂ ಅಷ್ಟೇ ಇತ್ತು. ಬೇರೆ ದಾರಿ ಕಾಣದೆ ಆರ್ಡಿತ್ ಒಪ್ಪಿದಳು. ಕಂಪನಿ ನಡೆಸುವ ಅಧಿಕಾರವಿರುವ ಪ್ರತಿಯೊಬ್ಬರ ವಿವರವನ್ನೂ ಅರ್ಜಿಯಲ್ಲಿ ಕೊಡಬೇಕು. ಸರ್ಕಾರದ ಭಾಷೆಯಲ್ಲಿ ಅವರು 'ಹೊಣೆ ಹೊತ್ತವರು'. ಹೋಬರ್ಟ್ ತನ್ನ ಹೆಸರಿನ ಮುಂದೆ ದುಂಡಗೆ 'ಮ್ಯಾನೇಜರ್' ಎಂದು ಬರೆದು, ಅವಳ ಹೆಸರಿನ ಮುಂದೆ 'ಸಹಾಯಕಿ' ಎಂದು ಬರೆಯಲು ಹೋದ. ಆರ್ಡಿತ್ ಪೆನ್ನು ಕಿತ್ತುಕೊಂಡ ರಭಸಕ್ಕೆ ಅವನ ಅಂಗಿಯ ಮೇಲೆ ಶಾಯಿಯ ಗೆರೆಯೊಂದು ಬಿತ್ತು. ಅದು ಇವತ್ತಿಗೂ ಹೋಗಿಲ್ಲ. ಅವಳು ತನ್ನ ಹೆಸರಿನ ಮುಂದೆ 'ಪಾಲುದಾರೆ' ಎಂದು ತಾನೇ ಬರೆದಳು.

ಅರ್ಜಿಯ ಜೊತೆ ಇಬ್ಬರ ಹತ್ತು ಹತ್ತು ಬೆರಳಚ್ಚುಗಳೂ ಹೋಗಬೇಕಿತ್ತು. ಅದಕ್ಕೆ ಕೌಂಟಿಯ ಪೊಲೀಸ್ ಮುಖ್ಯಸ್ಥ ಶೆರೀಫನ ಕಚೇರಿಗೆ ಹೋದರು. ಅಲ್ಲಿ ಶಾಯಿಯ ಪ್ಯಾಡ್ ಹಿಡಿದು ಕೂತಿದ್ದವನು ಡೆಪ್ಯೂಟಿ ವೈಮರ್. ಕೆನ್ನೆ ಕೆಂಪಗಿನ ಯುವಕ. ಚಡ್ಡಿ ಹಾಕುವ ವಯಸ್ಸಿನಿಂದ ಆರ್ಡಿತ್ ಅವನನ್ನು ಬಲ್ಲಳು. ಹೋಬರ್ಟನ ಹತ್ತು ಬೆರಳು ಚೊಕ್ಕಟವಾಗಿ ಮೂಡಿದವು. ನಂತರ ಆರ್ಡಿತ್‌ಳ ಬೆರಳು ಒತ್ತಿದ. ಕಾರ್ಡಿನ ಮೇಲೆ ಹತ್ತು ಕಪ್ಪು ಮಚ್ಚೆಗಳು ಮೂಡಿದವು. ಗೆರೆಯಿಲ್ಲ, ಸುಳಿಯಿಲ್ಲ.

"ಮಿಸ್ ಆರ್ಡಿತ್, ಸ್ವಲ್ಪ ಒತ್ತಿ ಹಿಡೀರಿ," ಎಂದ ವೈಮರ್, ಆ ಸೀಮೆಯಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ.

"ಒತ್ತಿದ್ದೀನಲ್ಲಪ್ಪ! ಇನ್ನು ಒತ್ತಿದ್ರೆ ನಿನ್ ಮೇಜು ತೂತಾಗುತ್ತೆ."

ವೈಮರ್ ಡ್ರಾಯರಿನಿಂದ ಇನ್ನೊಂದು ಕಾರ್ಡು ತೆಗೆದು ಅವಳ ಮುಂದಿಟ್ಟ. "ನೋಡಿ, ಹೀಗೆ ಬರಬೇಕು. ಇದು ಡೆನ್ಜಿಲ್ ಅವರದ್ದೇ. ಎರಡು ವರ್ಷದ ಹಿಂದೆ, ಶಾಲೆಯಲ್ಲಿ ಬೇಟೆ ಸುರಕ್ಷತೆಯ ಪಾಠ ಹೇಳೋಕೆ ಕೊಟ್ಟಿದ್ದು. ಒಂದೇ ಸಲಕ್ಕೆ ಬಂತು. ಫೋಟೋ ಇದ್ದ ಹಾಗಿದೆ."

ಆರ್ಡಿತ್ ಆ ಕಾರ್ಡನ್ನು ಬಹಳ ಹೊತ್ತು ನೋಡಿದಳು. ಗಂಡನ ಹತ್ತು ಬೆರಳುಗಳ ಒಂದೊಂದು ಗೆರೆಯೂ ಹುಟ್ಟಿದ ದಿನ ದೇವರು ಬರೆದ ಹಾಗೇ ಇತ್ತು. ತನಗಾದದ್ದು ದುಃಖವೋ ಕೋಪವೋ ಅವಳಿಗೇ ತಿಳಿಯಲಿಲ್ಲ. ಕೈ ಒರೆಸಿಕೊಂಡು ಹೊರಟಳು.

ಆಗಸ್ಟಿನಲ್ಲಿ, ಅರ್ಜಿ ಹೋಗಿದ್ದ ಕೇಂದ್ರ ಸರ್ಕಾರದ ಫೆಡರಲ್ ಕಚೇರಿಯಿಂದ ಅವಳ ಕಾರ್ಡು ವಾಪಸು ಬಂತು. ಗೆರೆಗಳು ಸ್ಪಷ್ಟವಿಲ್ಲ, ಮತ್ತೆ ಕಳುಹಿಸಿ ಎಂದಿತ್ತು. ಶುಚಿಗೆ ಹೆಸರಾದ ಹೆಂಗಸು ಅವಳು. ಮನೆಗೆ ಹೋಗುವ ಬಂದೂಕಿನ ಮೇಲೆ ಒಂದು ಹನಿ ಎಣ್ಣೆ ಉಳಿದರೆ ಅವಳಿಗೆ ನಿದ್ದೆ ಬಾರದು. ತಪ್ಪು ತನ್ನ ಕೊಳಕು ಕೈಯದ್ದೇ ಎಂದು ಅವಳಿಗೆ ಅನ್ನಿಸಿತು. ಎರಡನೆಯ ಸಲ ಹೋಗುವ ಮುನ್ನ ಗ್ಯಾರೇಜಿನವರು ಬಳಸುವ ಮರಳು ಸೋಪಿನಿಂದ ಕೈ ತಿಕ್ಕಿದಳು, ಉಕ್ಕಿನ ನಾರಿನಿಂದ ಉಜ್ಜಿದಳು, ಸಾಲದೆಂದು ಅತಿ ನಯದ ಉಪ್ಪುಕಾಗದದಿಂದ ಬೆರಳ ತುದಿಗಳಿಗೆ ಕೊನೆಯ ಹೊಳಪು ಕೊಟ್ಟಳು. ನಳಿಗೆಗೆ ಮಾಡುವ ಉಪಚಾರವನ್ನೆಲ್ಲ ಬೆರಳಿಗೂ ಮಾಡಿದಳು. ಆವತ್ತು ಅವಳ ಬೆರಳಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು.

ಸೆಪ್ಟೆಂಬರಿನಲ್ಲಿ ಆ ಕಾರ್ಡೂ ವಾಪಸು ಬಂತು. ಜೊತೆಗೆ ಒಂದು ಕಾಗದ. ಮುಂದಿನ ಸಲವೂ ಅಚ್ಚು ಮೂಡದಿದ್ದರೆ ಅರ್ಜಿಯನ್ನೇ ಅಪೂರ್ಣವೆಂದು ಹಿಂದಿರುಗಿಸಲಾಗುವುದು.

ಅದೇ ವಾರ ಅಗ್ನಿಶಾಮಕ ದಳದ ಹಾಲ್‌ನಲ್ಲಿ ವರ್ಷದ ಊಟವಿತ್ತು. ಆ ಕಡೆಯವರು ಪ್ಯಾನ್‌ಕೇಕ್ ಎನ್ನುವ, ಹುಳಿ ಬರಿಸಿದ ಹಿಟ್ಟಿನ ಕಪ್ಪು ದೋಸೆ, ಸಾಸೇಜು, ಮೇಪಲ್ ಪಾಕ. ಒಬ್ಬೊಬ್ಬನ ತಟ್ಟೆಯಲ್ಲೂ ದೋಸೆಯ ಗೋಪುರ ಎಷ್ಟು ಎತ್ತರವಿತ್ತೆಂದರೆ ಎದುರು ಕೂತವನ ಮುಖ ಕಾಣಬೇಕಾದರೆ ಮೊದಲು ಅರ್ಧ ತಿನ್ನಬೇಕಿತ್ತು. ಹೋಬರ್ಟ್ ಎಲ್ಲರ ಮುಂದೆ ಮಾತೆತ್ತಿದ.

"ಆರ್ಡಿತ್, ಹಟ ಬಿಡು. ನಿನ್ನಿಂದ ಅರ್ಜಿ ನಿಂತಿದೆ. ನಿನ್ ಹೆಸರು ತೆಗೆದುಬಿಡೋಣ. ನನ್ನೊಬ್ಬನ ಹೆಸರಲ್ಲಿ ನಾಳೇನೇ ಲೈಸೆನ್ಸ್ ಬರುತ್ತೆ. ನೀನು ಸಂಬಳಕ್ಕೆ ಇರು."

"ನನ್ನ ಅಂಗಡೀಲಿ ನಾನು ಸಂಬಳಕ್ಕೆ?"

"ಅವನು ಹೇಳೋದು ಸರಿ ಕಣಮ್ಮ," ಎಂದ ಕ್ಲೀಟಸ್, ಗಡ್ಡಕ್ಕೆ ಪಾಕ ಸುರಿಸಿಕೊಳ್ಳುತ್ತ. ಇಡೀ ಕಣಿವೆಯಲ್ಲಿ ಅತಿ ಹಳೆಯ ಗಿರಾಕಿ ಅವನೇ. "ಬೋರ್ಡ್ ಮೇಲೆ ಟೀಟರ್ ಗಂಡಸು ಒಬ್ಬ ಇರ್ಲಿ. ಡೆನ್ಜಿಲ್ ನನ್ನ ಬಂದೂಕಿಗೆ ವಾಲ್ನಟ್ ಮರದ ಹೊಸ ಹಿಡಿ ಕೂರಿಸಿದ್ನಲ್ಲ, ಆಹಾ, ಇವತ್ತಿಗೂ ಭುಜಕ್ಕೆ ಇಟ್ರೆ ಹೆಂಡತಿ ತಲೆ ಇಟ್ಟಂಗಿರುತ್ತೆ. ಅಂಥಾ ಕೈ ಇನ್ನು ಹುಟ್ಟೋದಿಲ್ಲ."

ಆ ಹಿಡಿಯನ್ನು ಆರ್ಡಿತ್ ನೂರಾಮೂರು ಡಿಗ್ರಿ ಜ್ವರದಲ್ಲಿ, ಹನ್ನೊಂದು ದಿನ ಕೂತು ಕೆತ್ತಿದ್ದಳು. ಆ ಹನ್ನೊಂದು ದಿನವೂ ಡೆನ್ಜಿಲ್ ಇದೇ ಕ್ಲೀಟಸ್ ಜೊತೆ ಹೊಳೆಯಲ್ಲಿ ಟ್ರೌಟ್ ಮೀನು ಹಿಡಿಯುತ್ತಿದ್ದ. ಕೆಲಸ ಯಾವಾಗ ನಡೆಯಿತೆಂದು ಆ ಮನುಷ್ಯನಿಗೆ ಒಂದು ಗಳಿಗೆಯಾದರೂ ಅನುಮಾನ ಬರಬೇಡವೇ? ಮೂವತ್ತೊಂದು ವರ್ಷ ಇಡೀ ಕಣಿವೆ ಪರದೆಯ ಆಚೆ ಅರದ ಸದ್ದು ಕೇಳುತ್ತ, ಈಚೆ ಡೆನ್ಜಿಲ್‌ನ ಖಾಲಿ ಕೈ ನೋಡುತ್ತ ಕೂತಿತ್ತು. ಎರಡನ್ನೂ ಕೂಡಿಸಿ ನೋಡಲು ಒಬ್ಬನಿಗೂ ಪುರುಸೊತ್ತಾಗಲಿಲ್ಲ. ಆರ್ಡಿತ್‌ಳ ಮೈ ಉರಿಯಿತು. ಫೋರ್ಕನ್ನು ತಟ್ಟೆಯ ಮೇಲೆ ಕುಕ್ಕಿ ಎದ್ದಳು.

"ನನ್ನ ಹೆಸರು ತೆಗೆಯೋದಿಲ್ಲ. ಹೋಬರ್ಟ್, ನಿನ್ನ ದೋಸೆ ತಿನ್ನು. ಅದಕ್ಕೆ ಲೈಸೆನ್ಸ್ ಬೇಕಾಗಿಲ್ಲ."

ಮರುದಿನ ನೇರವಾಗಿ ವೈಮರನ ಬಳಿಗೆ ಹೋಗಿ ಹತ್ತು ಬೆರಳನ್ನೂ ಅವನ ಮೂಗಿನ ಕೆಳಗೆ ಹಿಡಿದಳು. "ಇವಕ್ಕೆ ಏನು ಔಷಧ ಹೇಳು."

ಅವನು ಭೂತಗನ್ನಡಿ ಹಿಡಿದು ನೋಡಿದ. "ಇಟ್ಟಿಗೆ ಹೊರೋರಿಗೆ ಹೀಗಾಗುತ್ತೆ ಮಿಸ್ ಆರ್ಡಿತ್. ಗೆರೆ ಪೂರ್ತಿ ಹೋಗಿರಲ್ಲ, ಸವೆದಿರುತ್ತೆ. ಮೂರು ವಾರ ಏನನ್ನೂ ಉಜ್ಜಬೇಡಿ, ತಿಕ್ಕಬೇಡಿ. ಹಸುವಿನ ಕೆಚ್ಚಲಿಗೆ ಹಚ್ಚೋ ಮುಲಾಮು ಹಚ್ಚಿ, ಹತ್ತಿಯ ಗ್ಲೌಸ್ ಹಾಕ್ಕೊಂಡು ಸುಮ್ನೆ ಕೂತಿರಿ. ಚರ್ಮ ಮತ್ತೆ ಬೆಳೆಯುತ್ತೆ."

"ಮೂರು ವಾರ ಕೈ ಕಟ್ಕೊಂಡು ಕೂರ್ಬೇಕಾ? ಅಕ್ಟೋಬರಲ್ಲಿ?"

ಬಂದೂಕು ರಿಪೇರಿಯವರಿಗೆ ಅಕ್ಟೋಬರ್ ಎಂದರೆ ಏನೆಂಬುದು ಆ ಕಣಿವೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ವರ್ಷವಿಡೀ ಬಾಗಿಲ ಹಿಂದೆ ತುಕ್ಕು ಹಿಡಿದ ಬಂದೂಕುಗಳು ಆಗ ಒಂದೇ ಸಲಕ್ಕೆ ನೆನಪಾಗುತ್ತವೆ. ಆದರೂ ಆರ್ಡಿತ್ ಕೂತಳು. ಕೆಚ್ಚಲ ಮುಲಾಮು ಮೆತ್ತಿ, ಬಿಳಿ ಗ್ಲೌಸ್ ತೊಟ್ಟು, ಒಲೆಯ ಪಕ್ಕ ಡೆನ್ಜಿಲ್ ಕೂರುತ್ತಿದ್ದ ಕುರ್ಚಿಯಲ್ಲೇ ಕೂತಳು. ಕಾಫಿ ಹೀರಿದಳು. ಈ ಕುರ್ಚಿ ಇಷ್ಟು ಮೆತ್ತಗಿತ್ತೆನ್ನುವುದು ಮೂವತ್ತೊಂದು ವರ್ಷದ ಮೇಲೆ ಅವಳಿಗೆ ತಿಳಿಯಿತು.

ಮೊದಲ ವಾರ ಇಪ್ಪತ್ತು ಬಂದೂಕು ಬಂದವು. ಎರಡನೆಯ ವಾರ ನಲವತ್ತು. ಗೋಡೆಗೆ ಒರಗಿಸಿಟ್ಟ ಬಂದೂಕುಗಳ ದಟ್ಟಣೆಯಲ್ಲಿ ಅಂಗಡಿಯೊಳಗೆ ಹೊಸ ಕಾಡೊಂದು ಬೆಳೆದ ಹಾಗಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ಅದರಲ್ಲಿ ಜಿಂಕೆ ಮರಿ ಹಾಕುತ್ತಿತ್ತು.

"ಡೆನ್ಜಿಲ್ ಇದ್ದಾಗ ಎರಡೇ ದಿನಕ್ಕೆ ಆಗ್ತಿತ್ತು," ಎಂದು ಗೊಣಗಿದ ಕ್ಲೀಟಸ್. ಅವನ ಬಂದೂಕು ಗುಂಡು ಹಾರಿದ ಮೇಲೆ ಖಾಲಿ ತೋಟೆಯನ್ನು ಹೊರಗೆ ಉಗುಳುತ್ತಿರಲಿಲ್ಲ.

"ಡೆನ್ಜಿಲ್ ಇದ್ದಾಗ ನನ್ನ ಕೈ ಖಾಲಿ ಇರ್ಲಿಲ್ಲ," ಎಂದಳು ಆರ್ಡಿತ್.

ಕ್ಲೀಟಸ್‌ಗೆ ಅದು ಅರ್ಥವಾಗಲಿಲ್ಲ. ಹೋಬರ್ಟ್ ಅಂಗಿಯ ತೋಳು ಮಡಚಿ ಮುಂದೆ ಬಂದ. "ತಾ ಇಲ್ಲಿ. ಮ್ಯಾನೇಜರ್ ನಾನಿದ್ದೀನಿ."

ಪರದೆ ಸರಿಸಿ ಮೇಜಿನ ಮುಂದೆ ಕೂತ. ಮೊದಲ ತಿರುಪು ಬಿಚ್ಚಿದ, ಎರಡನೆಯದನ್ನು ಬಿಚ್ಚಿದ. ಮೂರನೆಯದಕ್ಕೆ ಒಂದು ಸ್ಪ್ರಿಂಗ್ ಟಣ್ಣೆಂದು ಹಾರಿ, ದೀಪಕ್ಕೆ ಬಡಿದು, ಕ್ಲೀಟಸ್‌ನ ಟೋಪಿ ಉದುರಿಸಿ, ಕಿಟಕಿಯಿಂದ ಆಚೆ ಹೋಯಿತು. ಅದು ಇನ್ನೂ ಕೆಳಗೆ ಬಿದ್ದಿಲ್ಲವೆಂದೂ ಮಳೆಗಾಲದಲ್ಲಿ ಅದರ ಸದ್ದು ಮೋಡದ ಮೇಲೆ ಕೇಳುತ್ತದೆಂದೂ ಊರವರು ಹೇಳುತ್ತಾರೆ. ಉಳಿದ ಭಾಗಗಳನ್ನು ಹೋಬರ್ಟ್ ಮೂರು ದಿನ ಕೂಡಿಸಿದ. ಕೂಡಿಸಿ ಮುಗಿಸಿದಾಗ ಏಳು ಭಾಗ ಉಳಿದಿದ್ದವು. ಟ್ರಿಗರ್ ಎಳೆದರೆ ಬಂದೂಕು ಏನೂ ಮಾಡುತ್ತಿರಲಿಲ್ಲ. ಎಳೆಯದೆ ಸುಮ್ಮನಿದ್ದರೆ ಆಗಾಗ ಕ್ಲಿಕ್ ಎನ್ನುತ್ತಿತ್ತು.

ಕ್ಲೀಟಸ್ ತನ್ನ ಬಂದೂಕನ್ನು ಸತ್ತ ನಾಯಿಯನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡ. ಒಮ್ಮೆ ಪರದೆಯನ್ನು ನೋಡಿದ, ಒಮ್ಮೆ ಆರ್ಡಿತ್‌ಳ ಬಿಳಿ ಗ್ಲೌಸನ್ನು ನೋಡಿದ. ಅವನ ಮುಖದಲ್ಲಿ ಮೂವತ್ತೊಂದು ವರ್ಷದ ಮೇಲೆ ಒಂದು ಆಲೋಚನೆ ಮೆಲ್ಲಗೆ ಏಳತೊಡಗಿದ್ದು ಎಲ್ಲರಿಗೂ ಕಂಡಿತು.

"ಆರ್ಡಿತ್... ನನ್ನ ಆ ವಾಲ್ನಟ್ ಹಿಡಿ..."

"ಹನ್ನೊಂದು ದಿನ," ಎಂದಳು ಅವಳು. "ನೂರಾಮೂರು ಜ್ವರ. ನೀವಿಬ್ಬರೂ ಹೊಳೇಲಿದ್ರಿ."

ಕ್ಲೀಟಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ.

ಫೆಡರಲ್ ಕಚೇರಿಯ ತನಿಖಾಧಿಕಾರಿ ಬಂದದ್ದು ಆ ಹೊತ್ತಿಗೇ. ಮಿಸ್ ಡಿಲೂಕಾ ಅಂತ, ಕಂಕುಳಲ್ಲಿ ಕಡತ ಹಿಡಿದ ಸಣ್ಣ ಹೆಂಗಸು. ಲೈಸೆನ್ಸ್ ಕೊಡುವ ಮುಂಚೆ ಅಂಗಡಿ ನೋಡಿ, ಹೊಣೆ ಹೊತ್ತವರ ಜೊತೆ ಮಾತಾಡುವುದು ಅವಳ ಕೆಲಸ.

"ಮ್ಯಾನೇಜರ್ ಯಾರು?"

"ನಾನು ಮೇಡಂ," ಎಂದ ಹೋಬರ್ಟ್, ಕೈಯಲ್ಲಿದ್ದ ಏಳು ಭಾಗಗಳನ್ನು ಮೆಲ್ಲಗೆ ಜೇಬಿಗೆ ಇಳಿಸುತ್ತ.

"ರಿಪೇರಿಗೆ ಬಂದ ಬಂದೂಕು ರಾತ್ರಿ ಇಲ್ಲೇ ಉಳಿದ್ರೆ ಏನು ಮಾಡ್ತೀರಿ?"

"ಕೌಂಟರ್ ಕೆಳಗೆ ಇಡ್ತೀನಿ."

"ಪುಸ್ತಕದಲ್ಲಿ ಬರೆಯೋದಿಲ್ವಾ?"

"ಗೊತ್ತಿರೋ ಜನ ಅಲ್ವಾ ಮೇಡಂ, ಯಾಕೆ ಬರೀಬೇಕು!"

ಮಿಸ್ ಡಿಲೂಕಾ ಪೆನ್ನು ಕೆಳಗಿಟ್ಟಳು. ಆರ್ಡಿತ್ ಗ್ಲೌಸಿನ ಕೈಯಿಂದಲೇ ಕಪಾಟು ತೆರೆದು ದಪ್ಪ ಪುಸ್ತಕಗಳನ್ನು ಒಂದೊಂದಾಗಿ ತಂದಿಟ್ಟಳು. ಮೂವತ್ತೊಂದು ವರ್ಷ ಬಂದ ಬಂದೂಕು, ಹೋದ ಬಂದೂಕು, ನಂಬರು, ತಾರೀಖು. ಮೊದಲ ಸಾಲಿನಿಂದ ಆ ಬೆಳಿಗ್ಗೆಯ ಸಾಲಿನವರೆಗೂ ಒಂದೇ ಕೈಬರಹ.

"ಇದು ನಿಮ್ಮ ಗಂಡನ ಬರಹವಾ?"

"ಅವರು ಬರೀತಿದ್ದದ್ದು ಮೀನಿನ ಅಳತೆ ಮಾತ್ರ. ಅದೂ ಸುಳ್ಳು."

ಮಿಸ್ ಡಿಲೂಕಾ ನಗು ನುಂಗಿಕೊಂಡು ಹೋಬರ್ಟನ ಕಡೆ ತಿರುಗಿದಳು. "ಇದರಲ್ಲಿ ಒಂದು ಬಂದೂಕು ಕಾಣೆಯಾದ್ರೂ, ಒಂದು ಸಾಲು ತಪ್ಪಿದ್ರೂ ಕಾನೂನು ಮೊದಲು ಬರೋದು ಮ್ಯಾನೇಜರ್ ಹತ್ತಿರ. ಬೇಕಂತ ತಪ್ಪು ಮಾಡಿದ್ರೆ ಜೈಲು. ಗೊತ್ತಿದೆಯಲ್ಲ?"

"ಕಂಪನಿ ಹೆಸರಲ್ಲೇ ಸೀಮಿತ ಹೊಣೆ ಅಂತ ಇದೆಯಲ್ಲ ಮೇಡಂ!"

"ಅದನ್ನ ಸಾಲ ಕೊಟ್ಟೋರಿಗೆ ಹೇಳಿ. ನನಗಲ್ಲ."

ಹೋಬರ್ಟ್ ಆ ಕಾಡಿನಷ್ಟು ಬಂದೂಕುಗಳನ್ನು ಒಮ್ಮೆ ಎಣಿಸಲು ಯತ್ನಿಸಿದ. ಹದಿನೇಳಕ್ಕೆ ಬಂದಾಗ ಹಣೆಯಲ್ಲಿ ಬೆವರು ಬಂತು. "ನನಗೆ ಬೆನ್ನುನೋವು ಬೇರೆ ಇದೆ," ಎಂದ ಅವನು. "ನನ್ ಹೆಸರು ತೆಗೆದ್ಬಿಡಿ. ಕಟ್ಟಡಕ್ಕೆ ಸಹಿ ಹಾಕಿ ಬಾಡಿಗೆ ತಗೊಂಡು ಮನೇಲಿರ್ತೀನಿ."

ಪಕ್ಕದಲ್ಲೇ ಟೋಪಿ ಹಿಡಿದು ನಿಂತಿದ್ದ ಕ್ಲೀಟಸ್ ಸಾಕ್ಷಿಗೆ ಸಹಿ ಹಾಕಿದ. ಕೊನೆಗೆ ಮಿಸ್ ಡಿಲೂಕಾ ಆರ್ಡಿತ್‌ಳ ಗ್ಲೌಸ್ ನೋಡಿ, "ಕೈಗೆ ಏನಾಗಿದೆ?" ಎಂದು ಕೇಳಿದಳು.

"ಏನೂ ಇಲ್ಲ. ಬೆರಳು ಬೆಳೆಸ್ತಾ ಇದ್ದೀನಿ."

ಮೂರು ವಾರ ತುಂಬಿದ ದಿನ ವೈಮರ್ ಉಸಿರು ಬಿಗಿಹಿಡಿದು ಅವಳ ಬೆರಳು ಒತ್ತಿದ. ಮಂಜಿನಲ್ಲಿ ಕಾಣುವ ದಾರಿಯ ಹಾಗೆ ಗೆರೆಗಳು ಮೂಡಿದವು. ಅಷ್ಟು ಸಾಕಿತ್ತು. ಆ ಮಧ್ಯಾಹ್ನವೇ ಅವಳು ಗ್ಲೌಸನ್ನು ಒಲೆಗೆ ಹಾಕಿ ಅರ ಹಿಡಿದಳು. ಕಾಡು ಒಂದೊಂದೇ ಮರವಾಗಿ ಕರಗಿತು. ಕ್ಲೀಟಸ್‌ನ ಬಂದೂಕಿಗೆ ಹೊಸ ಸ್ಪ್ರಿಂಗ್ ಬಿತ್ತು. ಬೇಟೆಯ ಋತು ಶುರುವಾಗುವ ಸೋಮವಾರಕ್ಕೆ ಎರಡು ದಿನ ಮುಂಚೆ, ಶನಿವಾರ, ಅಂಚೆಯಲ್ಲಿ ಲೈಸೆನ್ಸ್ ಬಂತು. ಕಂಪನಿಯ ಹೆಸರಿನಲ್ಲಿ. ಹೊಣೆ ಹೊತ್ತವರು ಒಬ್ಬರೇ.

ಆರ್ಡಿತ್ ಅದನ್ನು ಗೋಡೆಗೆ ತೂಗುಹಾಕಿ, ಏಣಿ ತಂದು, ಬಣ್ಣದ ಡಬ್ಬಿ ಹಿಡಿದು ಹಲಗೆಯ ಕಡೆ ಹತ್ತಿದಳು. ಕೆಳಗೆ ಬಂದೂಕು ಒಯ್ಯಲು ಬಂದವರು ಗುಂಪುಗೂಡಿದ್ದರು. 'ಡೆನ್ಜಿಲ್' ಎಂಬ ಹೆಸರಿನ ಮೇಲೆ ಮೊದಲ ಪಟ್ಟಿ ಬಣ್ಣ ಬೀಳುತ್ತಿದ್ದಂತೆ, ಬಾಡಿಗೆ ವಸೂಲಿಗೆ ಬಂದಿದ್ದ ಹೋಬರ್ಟ್‌ಗೆ ತಡೆಯಲಾಗಲಿಲ್ಲ.

"ಏಯ್, ಏನ್ ಮಾಡ್ತಿದ್ದೀಯ! ನೀನು ಏನಾದ್ರೂ ಅನ್ನು ಆರ್ಡಿತ್, ನನ್ ತಮ್ಮನ ಕೈ ಕೈಯೇ. ಹೋಗಿ ವೈಮರ್ ಹತ್ರ ಇರೋ ಕಾರ್ಡ್ ನೋಡು. ಅಷ್ಟು ವರ್ಷ ಬಂದೂಕಿನ ಕಸುಬು ಮಾಡಿದ ಮೇಲೂ ಹತ್ತು ಬೆರಳಲ್ಲಿ ಒಂದೇ ಒಂದು ಗೆರೆ ಸವೆದಿರ್ಲಿಲ್ಲ!"

ಆರ್ಡಿತ್ ಏಣಿಯ ಮೇಲಿಂದ ಬಗ್ಗಿ ನೋಡಿದಳು.

"ಅದನ್ನೇ ಹೋಬರ್ಟ್, ನಾನೂ ಹೇಳ್ತಿರೋದು."